ಐವತ್ತೆಂಟನೆಯ ಡಿಸ್ಕು

ಬಯ್ಯಪ್ಪನಿಗೆ ಕಿವಿ ಮಂದವಾಗುತ್ತಿದೆ ಎಂಬುದನ್ನು ಮನೆಯಲ್ಲಿ ಮೊದಲು ಕಂಡುಕೊಂಡವಳು ಸೊಸೆ ತನುಜ. ಚಿಂತಾಮಣಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಅವಳಿಗೆ ಇಂಥವೆಲ್ಲ ಬೇಗ ಗೊತ್ತಾಗುತ್ತಿದ್ದವು. ಮಾವ ಟೀವಿಯ ಸದ್ದು ದಿನಕ್ಕಿಷ್ಟು ಏರಿಸುತ್ತಿದ್ದ. ಕುಕ್ಕರು ನಾಲ್ಕು ಸಲ ಕೂಗಿದರೆ ಎರಡೇ ಅನ್ನುತ್ತಿದ್ದ. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಸೊಗಡಿನ ಅವರೆಕಾಯಿ ಸಂತೆಗೆ ಬಂದ ಹೊಸತರಲ್ಲಿ ಒಂದು ದಿನ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸಿಕೊಂಡು ಬಂದಳು. ಬಲಗಿವಿ ಆಗಲೇ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಎಡಗಿವಿಯೂ ಅದರ ಹಿಂದೆಯೇ ಹೊರಟಿದೆ, ಮಿಷನ್ ಹಾಕಿಕೊಂಡರೆ ಮಾತು ಕೇಳಿಸೀತು, ಆದರೆ ಹಾಡು ಗೀಡು ಮೊದಲಿನಂತೆ ಕಿವಿಗೆ ಹತ್ತುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ.

ಸಂಜೆ ಊಟಕ್ಕೆ ಕೂತಾಗ ಬಯ್ಯಪ್ಪ ಕಿವಿಯ ಸುದ್ದಿ ಎತ್ತಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದವನು ಮಗ ವೇಣುವಿಗೆ, "ಅಟ್ಟದ ಮೇಲಿರೋ ಬಿಸ್ಕತ್ ಡಬ್ಬಿ ಇಳಿಸಪ್ಪ," ಅಂದ.

ಹೆಂಡತಿ ಗಂಗುಲಮ್ಮ ಸಾರು ಬಡಿಸುತ್ತಿದ್ದಳು. ಸೌಟು ಪಾತ್ರೆಯ ಮೇಲೆಯೇ ನಿಂತಿತು. ಹದಿನೇಳು ವರ್ಷದಿಂದ ಆ ಡಬ್ಬಿಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅವಳು ಸಾರು ಬಡಿಸಿ ಒಳಗೆ ಹೋದಳು.

ಬಯ್ಯಪ್ಪ ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕನಾಗಿದ್ದವನು. ಕೆಂಚಾರ್ಲಹಳ್ಳಿಯ ಮನೆಯಿಂದ ಹೊರಟು ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಊರೂರು ಅಲೆದು, ಹುಳು ಮೇಯಿಸುವವರಿಗೆ ಇಷ್ಟು ಸೊಪ್ಪು ಹಾಕಿ, ಇಷ್ಟು ಬಿಸಿ ಇಡಿ ಎಂದು ಹೇಳಿಕೊಡುವುದು ಅವನ ನೌಕರಿ. ಹುಳುವಿನ ಮನೆಯಲ್ಲಿ, ನಾಟಿಯ ಗದ್ದೆಯಲ್ಲಿ, ಕೇರಿಯ ಮದುವೆಗಳಲ್ಲಿ ಹೆಂಗಸರು ಹಾಡುವುದು ಅವನ ಕಿವಿಗೆ ಬಿದ್ದು, ಇವನ್ನೆಲ್ಲ ಹಿಡಿದಿಡಬೇಕು ಎಂಬ ಹುಚ್ಚು ಹತ್ತಿತು. ಎರಡು ಸಾವಿರದ ಮೂರರಲ್ಲಿ ಬೆಂಗಳೂರಿಗೆ ಹೋಗಿ ಅಂಗೈಯಗಲದ ಮಿನಿ ಡಿಸ್ಕ್ ರೆಕಾರ್ಡರ್ ತಂದ. ಕ್ಯಾಸೆಟ್ ಟೇಪಿಗೆ ಬೂಷ್ಟು ಹಿಡಿಯುತ್ತೆ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಎಂದು ಅಂಗಡಿಯವನು ಹೇಳಿದ್ದ. ಬಿಸ್ಕತ್ತಿಗಿಂತ ಸ್ವಲ್ಪ ದೊಡ್ಡ, ಪ್ಲಾಸ್ಟಿಕ್ ಕವಚದೊಳಗೆ ಕೂತ ಪುಟ್ಟ ಬಿಲ್ಲೆ. ಒಂದೊಂದರಲ್ಲಿ ಎಂಬತ್ತು ನಿಮಿಷದ ಮಾತು.

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಬಿಲ್ಲೆಗಳು ಹಾಗೇ ಇದ್ದವು. ಅವನ್ನು ಓದುವ ಯಂತ್ರಗಳೇ ಲೋಕದಿಂದ ಹೋಗುತ್ತಾ ಬಂದವು. ಒಂದೇ ಕಂಪನಿ ತನಗಷ್ಟೇ ಗೊತ್ತಿದ್ದ ಲೆಕ್ಕದಲ್ಲಿ ಬರೆದಿಟ್ಟ ದನಿ ಅದು. ಬೇರೆ ಯಾವ ಪೆಟ್ಟಿಗೆಯೂ ಅದನ್ನು ಓದುತ್ತಿರಲಿಲ್ಲ, ಮೈಕಿನಿಂದ ಹಿಡಿದದ್ದನ್ನು ಕಂಪ್ಯೂಟರಿಗೆ ನೇರ ಇಳಿಸಿಕೊಳ್ಳಲೂ ಆ ರೆಕಾರ್ಡರ್ ಬಿಡುತ್ತಿರಲಿಲ್ಲ. ಹಾಡು ಫೋನಿನೊಳಗೆ ಸೇರಿದ ಮೇಲೆ ಕಂಪನಿ ಮೊದಲು ಯಂತ್ರ ಮಾಡುವುದನ್ನು ನಿಲ್ಲಿಸಿತು, ಈಚೆಗೆ ಬಿಲ್ಲೆ ಮಾಡುವುದನ್ನೂ ನಿಲ್ಲಿಸಿತು.

ಡಬ್ಬಿ ಇಳಿಸಿದಾಗ ಅದರಲ್ಲಿ ಐವತ್ತೆಂಟು ಡಿಸ್ಕುಗಳಿದ್ದವು. ರೆಕಾರ್ಡರಿನ ಬ್ಯಾಟರಿ ಸೋರಿ ಹಸಿರು ಕಿಲುಬು ಕಟ್ಟಿತ್ತು. ಯಾವ ಡಿಸ್ಕಿನಲ್ಲಿ ಯಾರು ಹಾಡಿದ್ದಾರೆ ಎಂದು ಬರೆದಿಟ್ಟಿದ್ದ ಪುಸ್ತಕ ಗೆದ್ದಲಿನ ಪಾಲಾಗಿತ್ತು. ಡಿಸ್ಕುಗಳ ಮೇಲೆ ಉಳಿದಿದ್ದದ್ದು ಬರೀ ನಂಬರು.

ವೇಣು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ರಜೆಯ ದಿನವೂ ಸ್ಪ್ಯಾನರು ಹಿಡಿಯಬೇಕಾ ಎಂದು ಗೊಣಗುತ್ತಲೇ ನ್ಯೂಸ್ ಪೇಪರ್ ಹರಡಿಕೊಂಡು ರೆಕಾರ್ಡರ್ ಬಿಚ್ಚಿದ. ಒಳಗಿನ ಹಲ್ಲುಚಕ್ರದ ಗ್ರೀಸು ಹಳೇ ಬೆಲ್ಲದಂತೆ ಗಟ್ಟಿಯಾಗಿ, ಓದುವ ಕಣ್ಣು ಕದಲದಂತೆ ಹಿಡಿದುಕೊಂಡಿತ್ತು. ತನುಜ ಆಸ್ಪತ್ರೆಯಿಂದ ಸ್ಪಿರಿಟ್ ತಂದಳು. ಮೂರು ಸಂಜೆ ಗಂಡಹೆಂಡತಿ ಕಿವಿ ಒರೆಸುವ ಹತ್ತಿಕಡ್ಡಿಯಲ್ಲಿ ಹಲ್ಲು ಹಲ್ಲು ತಿಕ್ಕಿದರು. ಬ್ಯಾಟರಿ ಬಿಟ್ಟು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಕೊಟ್ಟು, ಮೊದಲ ಡಿಸ್ಕು ಹಾಕಿದಾಗ ಅದು ಸ್ವಲ್ಪ ಹೊತ್ತು ಗುರುಗುಟ್ಟಿ, ತಿರುಗಿತು.

ಶನಿವಾರ ಗೌರಿಬಿದನೂರಿನಿಂದ ಮಗಳು ಹರಿಣಿ ಬಂದಳು. ಅಲ್ಲಿನ ಕಾಲೇಜೊಂದರಲ್ಲಿ ಕನ್ನಡದ ಮೇಡಮ್ಮು ಅವಳು, ವಾರಕ್ಕೊಮ್ಮೆ ಊರಿಗೆ ಬರುವವಳು. ಹಾಡು ಕೇಳಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಳು. ನೇರ ಇಳಿಸಲು ಆಗದಿದ್ದರೇನು, ಇಯರ್‌ಫೋನಿನ ತೂತಿನಿಂದ ವೈರು ಎಳೆದು ಲ್ಯಾಪ್‌ಟಾಪಿಗೆ ಕೊಟ್ಟರೆ ಅದು ಹಾಡಿದಂತೆಲ್ಲ ಇದು ಬರೆದುಕೊಳ್ಳುತ್ತೆ, ಆದರೆ ಎಂಬತ್ತು ನಿಮಿಷದ್ದಕ್ಕೆ ಎಂಬತ್ತು ನಿಮಿಷವೇ ಬೇಕು, ಅಡ್ಡದಾರಿ ಇಲ್ಲ ಎಂದು ವಿವರಿಸಿದಳು. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಹೋಗುವುದು, ದಿನಕ್ಕೆರಡು ಡಿಸ್ಕು ಮುಗಿಸುವುದು ಎಂದಾಯಿತು.

"ಒಂದು ತಿಂಗಳು ಹಾಲ್‌ನಲ್ಲಿ ಮ್ಯಾಚ್ ನೋಡೋ ಹಂಗಿಲ್ಲ ಅನ್ನು," ಅಂದ ವೇಣು.

"ಫೋನಲ್ಲಿ ನೋಡ್ಕೋ."

"ನೀನು ವಾರಕ್ಕೊಂದಿನ ಬಂದು ಆರ್ಡರ್ ಹಾಕಿ ಹೋಗ್ತೀಯ. ಇಲ್ಲಿರೋರು ನಾವು ಕಣಮ್ಮ."

ತೊಡಕು ಬಂದದ್ದು ಬೇರೆ ಕಡೆ. ಹಾಡುತ್ತಿರುವವರು ಯಾರು ಎಂದು ಬರೆದುಕೊಳ್ಳಲು ಹರಿಣಿ ಪೆನ್ನು ಹಿಡಿದು ಕೂತರೆ, ಬಯ್ಯಪ್ಪನಿಗೆ ದನಿಗಳೇ ಬೇರೆಬೇರೆಯಾಗಿ ಕೇಳಲಿಲ್ಲ. ಎಡಗಿವಿಯನ್ನು ಸ್ಪೀಕರಿಗೆ ಆನಿಸಿದ. ಕಣ್ಣು ಮುಚ್ಚಿದ. ಎಲ್ಲರೂ ಒಂದೇ ಥರ ಕೇಳಿಸ್ತಾರಲ್ಲಮ್ಮ ಎಂದು ಮಗಳ ಮುಖ ನೋಡಿದ. ಐದು ವರ್ಷ ಬಿಸಿಲಲ್ಲಿ ಅಲೆದು ಕೂಡಿಸಿದ ದನಿಗಳು ಅವನಿಗೆ ಈಗ ಬಾವಿಯೊಳಗಿನ ಗದ್ದಲ.

ಅಡಿಗೆಮನೆಯ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದ ಗಂಗುಲಮ್ಮ, ತಲೆ ಎತ್ತದೆ, "ಅದು ಮುದ್ದೇನಹಳ್ಳಿ ಕಡೆಯೋಳು. ಮೂಗಲ್ಲಿ ಹಾಡೋಳು. ಎಡಗೈಲಿ ಆರು ಬೆರಳು," ಅಂದಳು.

ಎಲ್ಲರೂ ಅತ್ತ ತಿರುಗಿದರು. ಗಂಗುಲಮ್ಮ ಕಾಳಿನ ಸಿಪ್ಪೆ ಕಿತ್ತು ಬಟ್ಟಲಿಗೆ ಹಾಕಿದಳು.

"ಅಮ್ಮ, ನೀನಿಲ್ಲಿ ಬಂದು ಕೂತ್ಕೋ."

"ನನಗೆ ಕೆಲಸ ಐತೆ."

"ಇಲ್ಲೇ ಕೂತು ಹಿತುಕು. ನಾನೂ ಹಿತುಕ್ತೀನಿ."

ಮಗಳಿಗೆ ಎಂದೂ ಇಲ್ಲ ಅನ್ನಲಾರದ ಗಂಗುಲಮ್ಮ ಮೊರ, ಬಟ್ಟಲು, ಮಣೆ ಎಲ್ಲ ಎತ್ತಿಕೊಂಡು ಬಂದು ಹಾಲ್‌ನಲ್ಲಿ, ಬುದ್ಧನ ಪಟದ ಕೆಳಗಿನ ಮೇಜಿನ ಪಕ್ಕ ಕೂತಳು. ಗಂಡನ ಕಡೆ ಮಾತ್ರ ನೋಡಲಿಲ್ಲ.

ಹೀಗೆ ಶುರುವಾಯಿತು. ಬೆಳಗಿನ ಮುದ್ದೆಯಾದ ಮೇಲೆ ಒಂದು ಡಿಸ್ಕು, ಸಂಜೆ ದೀಪ ಹಾಕುವ ಹೊತ್ತಿಗೆ ಇನ್ನೊಂದು. ಅವರೆಕಾಳು ಹಿತುಕುತ್ತಾ, ರಾಗಿ ಕೇರುತ್ತಾ, ತನುಜಳ ಯೂನಿಫಾರ್ಮಿನ ಗುಂಡಿ ಹೊಲಿಯುತ್ತಾ ಗಂಗುಲಮ್ಮ ಒಂದೊಂದೇ ಹೆಸರು ಹೇಳಿದಳು. ಇವಳು ಹಾಡುವಾಗ ಹಾಲು ಉಕ್ಕಿಹೋಗಿತ್ತು, ಅವಳ ಗಂಡ ಕುಡಿದು ಬಂದು ಹಾಡು ನಿಲ್ಲಿಸಿದ್ದ, ಇಗೋ ಈ ಕೆಮ್ಮು ಆ ಊರಿನ ಪೂಜಾರಮ್ಮನದು ಎಂದು ಒಂದೊಂದನ್ನೂ ನೆನೆದಳು. ವಾರ ಕಳೆಯುವುದರೊಳಗೆ ಬಯ್ಯಪ್ಪ ಯಾರು ಎಂಬಂತೆ ಹುಬ್ಬು ಎತ್ತಿದರೆ ಸಾಕು, ಅವಳು ಅವನ ಎಡಗಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೆಸರು ಹೇಳುವುದು ರೂಢಿಯಾಯಿತು. ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಆ ಡಿಸ್ಕನ್ನು ಮೊದಲಿನಿಂದ ಹಾಕಬೇಕಿತ್ತು. ಆಗ ಇಬ್ಬರೂ ಸೇರಿಯೇ ವಿದ್ಯುತ್ತಿನವರನ್ನು ಬೈಯುತ್ತಿದ್ದರು.

ಎರಡನೆಯ ಭಾನುವಾರ ಹರಿಣಿ ಒಂದು ಸಂಗತಿ ಗಮನಿಸಿದಳು. ಪ್ರತಿ ಹಾಡಿನ ಮೊದಲ ಸಾಲು ಹಾಡುವ ದನಿ ಒಂದೇ. ಅದು ಅಮ್ಮನದು.

"ಎಲ್ಲಾನೂ ನೀನೇ ಶುರು ಮಾಡಿದ್ದೀಯಲ್ಲಮ್ಮ?"

"ಮತ್ತೆ? ಡ್ರೆಸ್ ಹಾಕ್ಕೊಂಡು ಆಫೀಸರ್ ಥರ ಮೈಕು ಹಿಡಿದ್ರೆ ಅವರು ಬಾಯಿ ಬಿಡ್ತಿದ್ರಾ? ನಾನು ಒಂದೆರಡು ಸಾಲು ತಪ್ಪುತಪ್ಪಾಗಿ ಹೇಳ್ತಿದ್ದೆ. ತಿದ್ದೋಕೆ ಅಂತ ಅವರು ಬಾಯಿ ಹಾಕೋರು."

ಹರಿಣಿ ಆ ದಿನ ಕೂತು, ಅದುವರೆಗೆ ಹಾಡು ಕೂಡಿಸಿದವರು ಬಯ್ಯಪ್ಪ ಎಂದಷ್ಟೇ ಬರೆದಿದ್ದ ಕಡೆಯಲ್ಲೆಲ್ಲ ಗಂಗುಲಮ್ಮ ಮತ್ತು ಬಯ್ಯಪ್ಪ ಎಂದು ತಿದ್ದಿದಳು. ಹೆಂಡತಿಯ ಹೆಸರು ಮೊದಲು ಬಂದದ್ದನ್ನು ನೋಡಿ ಬಯ್ಯಪ್ಪ ಸರಿ ಎಂಬಂತೆ ತಲೆಯಾಡಿಸಿದ.

ಅಪ್ಪ ರೆಕಾರ್ಡ್ ಮಾಡುವುದನ್ನು ಎರಡು ಸಾವಿರದ ಎಂಟರಲ್ಲಿ ಯಾಕೆ ಬಿಟ್ಟ ಎಂಬುದು ಮಾತ್ರ ಮಕ್ಕಳಿಗೆ ಗೊತ್ತಿರಲಿಲ್ಲ. ಅವರು ಆಗ ಹಾಸ್ಟೆಲಿನಲ್ಲಿದ್ದವರು. ಕೇಳಿದರೆ ಬಯ್ಯಪ್ಪ ಕೇಳಿಸದವನಂತೆ ಕೂತಿರುತ್ತಿದ್ದ. ಕಿವಿ ಮಂದವಾದವನಿಗೆ ಆ ಅನುಕೂಲವೊಂದಿತ್ತು.

ಐದನೆಯ ವಾರ ಐವತ್ತೇಳು ಮುಗಿದವು. ಹರಿಣಿ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಖಾಲಿ. ಐವತ್ತೆಂಟನೆಯದು ಬಯ್ಯಪ್ಪನ ಅಂಗಿಯ ಜೇಬಿನಲ್ಲಿತ್ತು. ಅದು ಬೇಡ ಅಂದ. ಖಾಲಿ ಡಿಸ್ಕಾ ಎಂದು ಅವಳು ಕೇಳಿದ್ದಕ್ಕೆ ಅಲ್ಲ ಅಂದ. ಹಾಗಾದರೆ ಕೊಡು, ಕಾಲೇಜಿನಲ್ಲಿ ಇವನ್ನೆಲ್ಲ ಕಾಪಿಡಲು ಒಪ್ಪಿದ್ದಾರೆ, ಐವತ್ತೆಂಟು ಎಂದು ಹೇಳಿಬಿಟ್ಟಿದ್ದೇನೆ ಎಂದು ಅವಳು ಹಟ ಹಿಡಿದಳು. ವೇಣುವೂ ಸೇರಿಕೊಂಡ. ಐದು ವಾರ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಈಗ ಕೊನೆಯದನ್ನು ಜೇಬಿಗೆ ಹಾಕಿಕೊಂಡರೆ ಹೆಂಗೆ ಎಂದು ದನಿ ಏರಿಸಿದ.

"ಅದು ನಂದಲ್ಲ ಕಣಪ್ಪ," ಅಂದ ಬಯ್ಯಪ್ಪ.

"ಮತ್ತೆ ಯಾರದು?"

ಗಂಗುಲಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಕೋಲು ಬಿಟ್ಟು, ಕೈ ತೊಳೆದು, ಹೊರಗೆ ಬಂದಳು.

"ನಮ್ಮಮ್ಮಂದು," ಅಂದಳು.

ಆ ಸಂಜೆ ಅವಳು ಹೇಳಿದ ಕತೆ ಇದು. ಅವಳ ತಮ್ಮ ಎರ್ರಪ್ಪ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಣಿಕೆಯ ಕೆಲಸ ಮಾಡುತ್ತಿದ್ದವನು. ಕುದಿಯುವ ನೀರಿನ ಬಟ್ಟಲಿಗೆ ಬೆರಳಿಟ್ಟು ಗೂಡಿನಿಂದ ಎಳೆ ತೆಗೆಯುವ ಕೆಲಸ. ಮೂವತ್ತೆಂಟಕ್ಕೆ ಕಾಮಾಲೆ ಬಂದು ಹತ್ತೇ ದಿನದಲ್ಲಿ, ಹೆಂಡತಿ ಶ್ಯಾಮಲಳನ್ನು ಬಿಟ್ಟು ತೀರಿಕೊಂಡ. ತವರು ಮೇಲೂರಿನ ಮನೆಯ ಮುಂದೆ ಹೆಣ ಮಲಗಿಸಿದಾಗ ತಾಯಿ ಅಕ್ಕಯ್ಯಮ್ಮ ಅವನ ತಲೆಯ ಬಳಿ ಕೂತು, ಹಳೇ ಕಾಲದ ಹೆಂಗಸರು ಅಳುವಂತೆ, ಹಾಡಿ ಹಾಡಿ ಅತ್ತಳು. ಗಂಟೆಗಟ್ಟಲೆ ಅತ್ತಳು. ಒಂದು ತಿಂಗಳ ಮೇಲೆ ಕೆಂಚಾರ್ಲಹಳ್ಳಿಯ ಮನೆಯಲ್ಲಿ ಬಯ್ಯಪ್ಪ ಇಯರ್‌ಫೋನ್ ಇಟ್ಟುಕೊಂಡು ಕೂತಿದ್ದ. ಯಾವುದೋ ಹಾಡಿರಬೇಕು ಎಂದು ಗಂಗುಲಮ್ಮ ನಗುತ್ತಾ ಅದನ್ನು ಕಿತ್ತು ತನ್ನ ಕಿವಿಗಿಟ್ಟುಕೊಂಡಳು. ಕೇಳಿದ್ದು ತಾಯಿಯ ಅಳು.

"ಹೆಣದ ಮುಂದೆ ಕೂತ್ಕೊಂಡು ಜೇಬಲ್ಲಿ ಮಿಷನ್ ಹಾಕಿದ್ದ ನಿಮ್ಮಪ್ಪ," ಅಂದಳು. "ಯಾರನ್ನೂ ಕೇಳಲಿಲ್ಲ. ಆಮೇಲೆ ನಾನು ಒಂದೂರಿಗೂ ಇವನ ಜೊತೆ ಹೋಗಲಿಲ್ಲ. ನಾನಿಲ್ದೆ ಇವನಿಗೆ ಯಾರು ಹಾಡ್ತಾರೆ? ನಿಂತೋಯ್ತು."

ಬಯ್ಯಪ್ಪ ಎಷ್ಟು ಕೇಳಿಸಿಕೊಂಡನೋ, ನೆಲ ನೋಡುತ್ತಾ, ಎರಡು ಸಲ ಒಡೆಯಕ್ಕೆ ಕಲ್ಲು ಎತ್ತಿದ್ದೆ, ಎರ್ರಪ್ಪನ ಹೆಸರು ಅದರಲ್ಲಿ ನೂರು ಸಲ ಇದೆ, ಕೈ ಬರಲಿಲ್ಲ ಅಂದ.

"ಅಳು ಒಂದೇ ಆಗಿದ್ರೆ ಸರಿ," ಗಂಗುಲಮ್ಮ ಅಂದಳು. "ಅದರಲ್ಲಿ ಅಮ್ಮ ಶ್ಯಾಮಲನ್ನ ಬೈದವಳೆ. ಬಿಳೀ ಕಾಲಿನೋಳು, ಕಾಲ್ಗುಣ ಸರಿಯಿಲ್ಲ ಅಂದವಳೆ. ಮನೆಗೆ ಬಂದು ನನ್ನ ಮಗನ್ನ ತಿಂದ್ಲು ಅಂದವಳೆ. ಆ ಶ್ಯಾಮಲ ಹದಿನೇಳು ವರ್ಷದಿಂದ ನಮ್ಮಮ್ಮಂಗೆ ಸ್ನಾನ ಮಾಡಿಸಿ ಮುದ್ದೆ ಇಕ್ತಾ ಅವಳೆ. ಆ ಮಾತು ಈ ಮನೆ ದಾಟಬಾರದು."

ಒಲೆಯ ಮೇಲೆ ಮುದ್ದೆ ಸೀದ ವಾಸನೆ ಬಂತು. ತನುಜ ಎದ್ದು ಹೋಗಿ ಒಲೆ ಆರಿಸಿ ಬಂದಳು. ಬಂದವಳು ಬಾಗಿಲಲ್ಲೇ ನಿಂತು, "ಅತ್ತೆ, ಅದನ್ನ ಶ್ಯಾಮಲಮ್ಮನ್ನ ಕೇಳಬೇಕಲ್ವಾ? ಅಜ್ಜೀನೂ ಕೇಳಬೇಕು. ಇಬ್ಬರೂ ಇದ್ದಾರಲ್ಲ," ಅಂದಳು.

"ನೀನು ಸುಮ್ನಿರಮ್ಮ. ಆರಿದ ಗಾಯ ಕೆದಕಿದ್ರೆ ಏನಾಗುತ್ತೆ ಅಂತ ನಿನಗೇನು ಗೊತ್ತು."

"ದಿನಾ ಗಾಯಕ್ಕೆ ಡ್ರೆಸ್ಸಿಂಗ್ ಮಾಡೋಳು ನಾನು. ಮುಚ್ಚಿಟ್ರೆ ಏನಾಗುತ್ತೆ ಅಂತ ನನಗೂ ಗೊತ್ತು ಅತ್ತೆ."

ಸೊಸೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಎರಡು ದಿನ ಗಂಗುಲಮ್ಮ ಅವಳೊಂದಿಗೆ ಮಾತು ಬಿಟ್ಟಳು. ಬೆಳಿಗ್ಗೆ ಊಟದ ಡಬ್ಬಿ ಕಟ್ಟಿ ಸ್ಕೂಟರಿನ ಸೀಟಿನ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಆದರೆ ಡಬ್ಬಿಯಲ್ಲಿ ತನುಜಳಿಗೆ ಇಷ್ಟವಾದ ಹುರುಳಿ ಚಟ್ನಿ ಎರಡು ದಿನವೂ ಇತ್ತು. ಮೂರನೆಯ ದಿನ ಡಬ್ಬಿಯನ್ನು ಕೈಗೇ ಕೊಟ್ಟು, ಭಾನುವಾರ ನಿನಗೆ ರಜಾನಾ ಎಂದು ಕೇಳಿದಳು. ಡ್ಯೂಟಿ ಇದೆ ಅಂದಳು ತನುಜ. ಹಾಗಾದರೆ ನಾನು, ನಿಮ್ಮ ಮಾವ, ಹರಿಣಿ ಮೂವರೇ ಮೇಲೂರಿಗೆ ಹೋಗಿಬರುತ್ತೇವೆ ಅಂದಳು ಗಂಗುಲಮ್ಮ.

ಮೇಲೂರಿನ ಮನೆಯಲ್ಲಿ ಅಕ್ಕಯ್ಯಮ್ಮ ಜಗುಲಿಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಎಂಬತ್ತೆರಡು ವರ್ಷ. ಹಲ್ಲೆಲ್ಲ ಹೋಗಿದ್ದವು, ಕಿವಿ ಮಾತ್ರ ಅಳಿಯನಿಗಿಂತ ಚುರುಕು. ಶ್ಯಾಮಲಮ್ಮ ಹುಳುವಿನ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಚೂರು ಅಂಟಿದ ಕೈಯಲ್ಲೇ ಬಂದು ಹರಿಣಿಯ ಕೆನ್ನೆ ಹಿಡಿದಳು. ಐವತ್ತರ ಆಸುಪಾಸಿನ ಒಣಕಲು ಹೆಂಗಸು, ಮಾತು ಕಡಿಮೆ. ಮೊದಲು ಊಟವಾಗಲಿ ಎಂದಳು. ಹಿತುಕಿದ ಬೇಳೆ ಸಾರು, ಮುದ್ದೆ. ಅತ್ತೆಗೆ ಬೇರೆ ತಟ್ಟೆಯಲ್ಲಿ ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಚಮಚದಲ್ಲಿ ಉಣ್ಣಿಸಿದಳು.

ಊಟವಾದ ಮೇಲೆ ಬಯ್ಯಪ್ಪ ಅತ್ತೆಯ ಮುಂದೆ ನೆಲದ ಮೇಲೆ ಕೂತ. ಹದಿನೇಳು ವರ್ಷದ ಹಿಂದೆ ನಿನ್ನ ಹತ್ತಿರ ಒಂದು ತಗೊಂಡಿದ್ದೆ ಅತ್ತೆ, ಕೇಳದೆ ತಗೊಂಡಿದ್ದೆ, ತಪ್ಪಾಯ್ತು ಅಂದ.

"ಏನು ತಗೊಂಡೆ ನಾಯ್ನಾ?"

"ನಿನ್ನ ಅಳು."

ಮುದುಕಿಗೆ ಅರ್ಥವಾಗಲಿಲ್ಲ. ತಗೊಂಡಿದ್ದರೆ ವಾಪಸು ಕೊಟ್ಟುಬಿಡು, ಅದಕ್ಕೇನು ಅಂದಳು. ಹರಿಣಿ ರೆಕಾರ್ಡರನ್ನು ಪ್ಲಗ್ಗಿಗೆ ಸಿಕ್ಕಿಸಿ, ಡಿಸ್ಕು ಹಾಕಿ, ಸಣ್ಣ ಸ್ಪೀಕರನ್ನು ಜಗುಲಿಯ ಮೇಲಿಟ್ಟಳು. ಲ್ಯಾಪ್‌ಟಾಪಿನ ವೈರು ಚುಚ್ಚಲಿಲ್ಲ.

ಮೊದಲು ಜನರ ಗುಜುಗುಜು. ತಮಟೆ ದೂರದಲ್ಲಿ. ಆಮೇಲೆ ಆ ದನಿ.

*ಬಿಸಿನೀರ ಬಟ್ಟಲಾಗೆ ಬೆರಳಿಟ್ಟೋನೇ ನನ್ ಮಗನೇ,*
*ನಿನ್ನ ಬೆರಳು ತಣ್ಣಗಾಯ್ತೋ ನಾ ಕೊಡುಕಾ…*

ಅಕ್ಕಯ್ಯಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು. "ಎವುರಮ್ಮಾ ಅದಿ? ಯಾರು ಹಂಗೆ ಅಳ್ತಿರೋದು?"

"ನೀನೇ ಅಮ್ಮ," ಅಂದಳು ಗಂಗುಲಮ್ಮ.

"ನಾನಾ." ಸ್ಪೀಕರಿನ ಕಡೆ ಬಾಗಿದಳು. "ಗಂಟಲು ಹೆಂಗಿತ್ತು ನೋಡು ಆಗ."

ಮಗನನ್ನು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಕರೆಯುತ್ತಾ ಹಾಡು ಮುಂದೆ ಹೋಯಿತು. ಎರ್ರಪ್ಪ ಹುಟ್ಟಿದ ದಿನ, ಅವನು ಓದು ಬಿಟ್ಟ ದಿನ, ಅವನ ಕೆಂಪು ಸೈಕಲ್ಲು. ಮುದುಕಿ ಒಂದೊಂದಕ್ಕೂ ಹೂಂ ಹೂಂ ಅನ್ನುತ್ತಿದ್ದಳು, ಬೇರೆ ಯಾರೋ ತನಗೆ ಮಗನ ಸುದ್ದಿ ಹೇಳುತ್ತಿದ್ದಾರೆ ಎಂಬಂತೆ. ಗಂಗುಲಮ್ಮನಿಗೆ ಮುಂದೆ ಏನು ಬರುತ್ತದೆಂದು ಗೊತ್ತಿತ್ತು. ಕೈ ನಿಲ್ಲಿಸುವ ಗುಂಡಿಯ ಕಡೆ ಹೋಯಿತು.

"ಬಿಡಕ್ಕ," ಅಂದಳು ಹಿಂದಿನಿಂದ ಶ್ಯಾಮಲಮ್ಮ. ಅವಳು ಹೊಸಲಿನ ಮೇಲೆ ನಿಂತಿದ್ದಳು. "ಅವತ್ತೂ ನಾನು ಪಕ್ಕದಲ್ಲೇ ಕೂತಿದ್ದೆನಲ್ಲ."

*ಬಿಳೀ ಕಾಲಿನೋಳು ಬಂದ್ಲೋ ನನ್ ಮಗನೇ,*
*ಹೊಸಲು ದಾಟಿ ನಿನ್ನ ತಿಂದ್ಲೋ ನಾ ಕೊಡುಕಾ…*

ಹರಿಣಿಯೇ ನಿಲ್ಲಿಸಿದಳು. ಹುಳುವಿನ ಮನೆಯಿಂದ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆಯ ಹಾಗೆ, ಕೇಳುತ್ತಿತ್ತು.

"ಹಂಗಂದ್ನಾ ನಾನು?" ಅಕ್ಕಯ್ಯಮ್ಮ ಕೇಳಿದಳು. "ತೆಗೀರಿ ಅದನ್ನ. ಆ ಮಾತೊಂದು ತೆಗೆದುಬಿಡಿ."

ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಆ ಎರಡು ಸಾಲು ಕತ್ತರಿಸಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ಹರಿಣಿ ಮೆಲ್ಲಗೆ ಹೇಳಿದಳು. ಗಂಗುಲಮ್ಮ ಹಾಗೇ ಮಾಡು ಎಂದು ತಲೆಯಾಡಿಸಿದಳು.

"ತೆಗೀಬೇಡ ಕಣಮ್ಮ," ಅಂದಳು ಶ್ಯಾಮಲಮ್ಮ. ದನಿ ಏರಿಸಲಿಲ್ಲ. "ಆ ಮಾತು ಕೇಳಿಸ್ಕೊಂಡೇ ನಾನು ಈ ಮನೇಲಿ ಉಳಿದಿದ್ದು. ಅದನ್ನ ತೆಗೆದ್ರೆ ನಾನು ಸುಮ್ನೆ ಉಳಿದಂಗೆ ಆಗುತ್ತೆ."

ಗಂಗುಲಮ್ಮ ತಮ್ಮನ ಹೆಂಡತಿಯ ಮುಖ ನೋಡಿದಳು. ಇಷ್ಟು ವರ್ಷ ತಾನು ಯಾರಿಗೆ ತಿಳಿಯಬಾರದು ಎಂದು ಮುಚ್ಚಿಟ್ಟಿದ್ದಳೋ ಅವಳಿಗೆ ಪ್ರತಿ ಅಕ್ಷರವೂ ಬಾಯಿಪಾಠವಾಗಿತ್ತು.

ಅಕ್ಕಯ್ಯಮ್ಮ ಸೊಸೆಯನ್ನು ಬಹಳ ಹೊತ್ತು ನೋಡಿ, "ಹಂಗಾದ್ರೆ ಇನ್ನೊಂದು ಸೇರಿಸ್ಕೊಳ್ರಿ," ಅಂದಳು. "ಅಳಿಯಾ, ಮಿಷನ್ ಹಾಕು."

ಆ ಹಳೇ ಮಿಷನ್ನಿಗೆ ಹಾಕಲು ಹೊಸ ಡಿಸ್ಕು ಎಲ್ಲೂ ಸಿಗುವಂತಿರಲಿಲ್ಲ. ಹರಿಣಿ ತನ್ನ ಫೋನು ತೆಗೆದು ಅಪ್ಪನ ಕೈಗೆ ಕೊಟ್ಟಳು. ಬಯ್ಯಪ್ಪ ಅದನ್ನು ಹಿಡಿದುಕೊಂಡು, "ತಗೊಳ್ಳಲಾ ಅತ್ತೆ?" ಎಂದು ಕೇಳಿದ. ತಗೋ ಅಂದಳು ಮುದುಕಿ. ಶ್ಯಾಮಲಮ್ಮನ ಕಡೆ ತಿರುಗಿ, "ತಗೊಳ್ಳಲಾ ಅಮ್ಮ?" ಎಂದು ಕೇಳಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೂಂ ಅಂದಳು. ಆಮೇಲೆ ಅವನು ಫೋನನ್ನು ಹೆಂಡತಿಗೆ ಕೊಟ್ಟ. ಗುಂಡಿ ಒತ್ತಿದವಳು ಗಂಗುಲಮ್ಮ.

ಅಕ್ಕಯ್ಯಮ್ಮನ ದನಿ ಈಗ ಒಡೆದ ಮಡಕೆಯಂತಿತ್ತು. ಆದರೆ ಧಾಟಿ ಅದೇ. ನೀನು ಹೋದ ಮೇಲೆ ಬಾವಿ ಬತ್ತಿ ಮತ್ತೆ ತುಂಬಿತು ಎಂದಳು. ನಿನ್ನ ಅಕ್ಕನ ತಲೆ ಬೆಳ್ಳಗಾಯಿತು ಎಂದಳು. ನಿಂತು ಉಸಿರೆಳೆದು, ಮತ್ತೆ ಎತ್ತಿಕೊಂಡಳು.

*ಬಿಳೀ ಕಾಲು ಅಂದೆನಲ್ಲೋ ನನ್ ಮಗನೇ,*
*ಆ ಕಾಲೇ ನನಗೆ ಕಾಲಾಯ್ತೋ ನಾ ಕೊಡುಕಾ…*

ಅಲ್ಲಿಗೆ ಉಸಿರು ಸಾಲದೆ ಹೋಯಿತು. ಕೈಯನ್ನು ಪಕ್ಕಕ್ಕೆ ಚಾಚಿ, ಶ್ಯಾಮಲಾ, ಮುಂದಕ್ಕೆ ನೀನು ಹೇಳು ಅಂದಳು. ಹೆಣದ ಮುಂದೆಯೂ ಬಾಯಿಬಿಟ್ಟು ಅಳದಿದ್ದ ಶ್ಯಾಮಲಮ್ಮ, ಹೊಸಲು ಇಳಿದು ಬಂದು ಅತ್ತೆಯ ಪಕ್ಕ ಜಗುಲಿಯ ಮೇಲೆ ಕೂತಳು. ಗಂಗುಲಮ್ಮ ಫೋನು ಹಿಡಿದೇ ಇದ್ದಳು. ಆಮೇಲೆ ಎರಡು ಸಾಲು ಬಂದವು, ತೀರ ಸಣ್ಣ ದನಿಯಲ್ಲಿ. ಅಷ್ಟೇ. ಅವಳು ಎದ್ದು ಹುಳುವಿಗೆ ಸೊಪ್ಪು ಹಾಕಲು ಹೋದಳು.

ಬಯ್ಯಪ್ಪನಿಗೆ ಅವಳ ತುಟಿ ಅಲುಗಿದ್ದಷ್ಟೇ ಕಂಡಿತ್ತು. ಏನಂದಳು ಎಂದು ಹೆಂಡತಿಯ ಮೊಣಕೈ ಮುಟ್ಟಿ ಕೇಳಿದ. ಆಮೇಲೆ ಹೇಳುತ್ತೇನೆ ಎಂದು ಗಂಗುಲಮ್ಮ ಸನ್ನೆ ಮಾಡಿದಳು.

ಐವತ್ತೆಂಟನೆಯ ಡಿಸ್ಕನ್ನು ಹರಿಣಿ ಆ ಮಧ್ಯಾಹ್ನ ಅಲ್ಲೇ ಕೂತು, ಒಂದು ಮಾತೂ ಕತ್ತರಿಸದೆ, ಲ್ಯಾಪ್‌ಟಾಪಿಗೆ ಇಳಿಸಿದಳು. ಫೋನಿನದನ್ನು ಅದರ ಪಕ್ಕದಲ್ಲಿಟ್ಟಳು. ಇವೆರಡನ್ನು ಕಾಲೇಜಿಗೆ ಕೊಡುವುದು ಬೇಡ, ಮನೆಯವರಲ್ಲೇ ಇರಲಿ ಎಂದು ಅಕ್ಕಯ್ಯಮ್ಮನೂ ಶ್ಯಾಮಲಮ್ಮನೂ ಸೇರಿ ತೀರ್ಮಾನ ಕೊಟ್ಟರು. ಅವಳು ಹಾಗೇ ಬರೆದುಕೊಂಡು, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಹೊರಟಳು. ಗಂಡಹೆಂಡತಿ ಚಿಂತಾಮಣಿಯ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಗಂಗುಲಮ್ಮ ಗಂಡನ ಎಡಗಡೆ ಕೂತಳು. ಬಸ್ಸು ಊರು ದಾಟಿ ಹಿಪ್ಪುನೇರಳೆ ತೋಟಗಳ ನಡುವೆ ಓಡುತ್ತಿದ್ದಾಗ ಅವನು ಮತ್ತೆ ಕೇಳಿದ. ಅವಳು ಅವನ ಕಿವಿಗೆ ಬಾಗಿ, ಶ್ಯಾಮಲ ಅಂದದ್ದನ್ನು ಹೇಳಿದಳು. ಇಂಜಿನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿದಳು. ಮುದ್ದೆ ಎಂಬುದೊಂದು ಸಿಕ್ಕಿತು, ಉಳಿದದ್ದು ಸಿಗಲಿಲ್ಲ ಅಂದ. ಗಂಗುಲಮ್ಮ ಒಂದು ಸಲ ಸುತ್ತ ನೋಡಿದಳು. ಆಮೇಲೆ ಎದುರಿನ ಸೀಟಿನ ಕಂಬಿ ಹಿಡಿದುಕೊಂಡು, ಶ್ಯಾಮಲ ಹಾಡಿದ ಧಾಟಿಯಲ್ಲಿಯೇ, ಬಸ್ಸಿಗೆಲ್ಲ ಕೇಳುವಂತೆ ಹಾಡಿದಳು.

*ನಿಮ್ಮಮ್ಮಂಗೆ ಹಲ್ಲಿಲ್ಲವೋ, ಮುದ್ದೆ ಮೆತ್ತಗೆ ತಿರುವ್ತೀನೋ,*
*ನಿನಗೆ ಗಟ್ಟಿ ಇಷ್ಟ ಅಂತ ನನಗಿನ್ನೂ ಗ್ಯಾಪ್ಕ ಐತೋ.*

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಟಿಕೆಟ್ ಮಿಷನ್ ಹಿಡಿದು ಅಲ್ಲೇ ನಿಂತ.

"ಕೇಳಿಸ್ತಾ?" ಅಂದಳು.

"ಅರ್ಧ ಕೇಳಿಸ್ತು," ಅಂದ ಬಯ್ಯಪ್ಪ.

ಅವಳು ಇನ್ನೊಮ್ಮೆ ಹಾಡಿದಳು.